ಸಂಪಾದಕರ ಒಂದು ಉತ್ತರ

ಮ್ಯಾಕ್ಸ್ ಮುಲ್ಲರ್ ಎಂದೊಡನೆ ನಮ್ಮವರಿಗೆ ಋಗ್ವೇದ ನೆನಪಾಗುತ್ತದೆ. ನನಗಾದರೋ ಅವರು 1880ರಲ್ಲಿ ಬರೆದ ಒಂದು ಪತ್ರ ಹೆಚ್ಚು ಪ್ರಿಯ.

ಅವರು ಸಂಪಾದಿಸುತ್ತಿದ್ದ ಪೌರ್ವಾತ್ಯ ಪವಿತ್ರಗ್ರಂಥಗಳ ಮಾಲೆಗೆ ಆಕ್ಸ್‌ಫರ್ಡಿನ ಚೀನೀ ಪ್ರಾಧ್ಯಾಪಕ ಜೇಮ್ಸ್ ಲೆಗ್ ಕನ್‌ಫ್ಯೂಶಿಯಸ್ ಪರಂಪರೆಯ ಗ್ರಂಥಗಳನ್ನು ಅನುವಾದಿಸಿದರು. ಮೊದಲ ಸಂಪುಟ 1879ರಲ್ಲಿ ಬಂತು. ಅದರಲ್ಲಿ ‘ಷಾಂಗ್-ದಿ’ ಎಂಬ ಪದವನ್ನು ಅವರು ‘ಗಾಡ್’ ಎಂದೇ ಇಂಗ್ಲಿಷಿಗೆ ತಂದಿದ್ದರು. ಚೀನದಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಮಿಷನರಿಗಳು, ಇದು ಅನುವಾದವಲ್ಲ, ಲೆಗ್ಗರ ಸ್ವಂತ ವ್ಯಾಖ್ಯಾನ ಎಂದು ನೇರವಾಗಿ ಸಂಪಾದಕರಿಗೇ ದೂರಿತ್ತರು. ಲೆಗ್ ಕೂಡ ಹಾಂಗ್‌ಕಾಂಗಿನಲ್ಲಿ ಸುಮಾರು ಮೂವತ್ತು ವರ್ಷ ಮಿಷನರಿಯಾಗಿದ್ದವರು. ಪರರ ಆಕ್ಷೇಪಕ್ಕಿಂತ ಸ್ವಜನರ ಆಕ್ಷೇಪ ಹೆಚ್ಚು ನೋಯಿಸುತ್ತದಲ್ಲವೆ?

ಮುಲ್ಲರರು ಚೀನೀ ವಿದ್ವಾಂಸರಲ್ಲ. ನುಣುಚಿಕೊಳ್ಳಲು ಅದೊಂದೇ ನೆಪ ಸಾಕಿತ್ತು. ಅವರು ಹಾಗೆ ಮಾಡದೆ, ಲೆಗ್ಗರ ಪದವನ್ನು ಸಮರ್ಥಿಸಿ ಉತ್ತರ ಬರೆದರು. ಲೆಗ್ ಆ ಮಾಲೆಗೆ ಒಟ್ಟು 6 ಸಂಪುಟಗಳನ್ನು ಕೊಟ್ಟರು. ಕೊನೆಯವೆರಡು ಹೊರಬಂದದ್ದು 1891ರಲ್ಲಿ.