ಬಂಡಲ್‌ವೇರ್

ಉಚಿತ ತಂತ್ರಾಂಶದ ಇನ್‌ಸ್ಟಾಲರ್‌ನೊಳಗೆ ಸೇರಿಕೊಂಡು ಬಂದು, ಬಳಕೆದಾರರು ಬಯಸದಿದ್ದರೂ ಕಂಪ್ಯೂಟರಿನಲ್ಲಿ ನೆಲೆಯೂರುವ ಹೆಚ್ಚುವರಿ ತಂತ್ರಾಂಶ. ಬ್ರೌಸರ್ ಟೂಲ್‌ಬಾರ್, ಆಡ್‌ವೇರ್, ‘ವೇಗ ಹೆಚ್ಚಿಸುವ’ ಸಾಧನಗಳು ಇದರ ಸಾಮಾನ್ಯ ರೂಪಗಳು.

ಕಾರ್ಯವಿಧಾನ: ಪ್ರತಿ ಇನ್‌ಸ್ಟಾಲ್‌ಗೂ ವಿತರಕರಿಗೆ ಹಣ ಸಿಗುತ್ತದೆ. ಒಪ್ಪಿಗೆಯ ಚೌಕದಲ್ಲಿ ಮೊದಲೇ ಟಿಕ್ ಹಾಕಿರುತ್ತದೆ. ಓದದೆ ‘ನೆಕ್ಸ್ಟ್’ ಒತ್ತಿದರೆ ಅದೇ ಸಮ್ಮತಿ. ಬಳಿಕ ಬ್ರೌಸರಿನ ಮುಖಪುಟವೂ ಸರ್ಚ್ ಎಂಜಿನ್ನೂ ಬದಲಾಗಬಹುದು.

ಇತಿಹಾಸ: ಜಾವಾ ಇನ್‌ಸ್ಟಾಲರ್ ಹಲವು ವರ್ಷ ಆಸ್ಕ್ ಟೂಲ್‌ಬಾರನ್ನು ಹೊತ್ತು ತಂದಿತು. 2011ರಲ್ಲಿ ಡೌನ್‌ಲೋಡ್.ಕಾಮ್ ಎನ್‌ಮ್ಯಾಪ್ ತಂತ್ರಾಂಶಕ್ಕೆ ತನ್ನದೇ ಇನ್‌ಸ್ಟಾಲರ್ ಹೊದಿಸಿದ್ದನ್ನು ಅದರ ಕರ್ತೃ ಬಹಿರಂಗವಾಗಿ ಖಂಡಿಸಿದರು. ತಂತ್ರಾಂಶ ವಿತರಣಾ ತಾಣ ಸೋರ್ಸ್‌ಫೋರ್ಜ್ 2013ರಲ್ಲಿ ಆರಂಭಿಸಿದ ಇಂಥ ಯೋಜನೆಯನ್ನು 2016ರಲ್ಲಿ ಹೊಸ ಮಾಲೀಕರು ಕೈಬಿಟ್ಟರು.

ಕನ್ನಡ ಬಳಕೆ: ಶಿಕಾರಿಪುರ, ಸೊರಬದಂಥ ತಾಲ್ಲೂಕು ಕೇಂದ್ರಗಳ ಡಿಟಿಪಿ ಅಂಗಡಿಗಳಿಗೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಂಥ ಉಚಿತ ತಂತ್ರಾಂಶ ಬೇಕಾಗುತ್ತದೆ. ಅನ್ಯ ಜಾಲತಾಣಗಳಲ್ಲಿ ಹುಡುಕಿದರೆ ಕಣ್ಣಿಗೆ ಬೀಳುವ ದೊಡ್ಡ ‘ಡೌನ್‌ಲೋಡ್’ ಗುಂಡಿ ಜಾಹೀರಾತಿನದಾಗಿರಬಹುದು. ಊರಿನವರ ಆಧಾರ್, ಬ್ಯಾಂಕ್ ವಿವರಗಳು ಹಾದುಹೋಗುವ ಯಂತ್ರದಲ್ಲಿ ಹೀಗೆ ಬಂಡಲ್‌ವೇರ್ ಸೇರಿಕೊಳ್ಳುವುದು ಗಂಭೀರ ಅಪಾಯ.

ತಡೆ: ತಯಾರಕರ ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ‘ಕಸ್ಟಮ್’ ಆಯ್ದು ಬೇಡದ ಟಿಕ್ ತೆಗೆಯಬೇಕು. ವಿಂಡೋಸ್ ಸೆಕ್ಯುರಿಟಿಯಲ್ಲಿ ಅನಪೇಕ್ಷಿತ ಆ್ಯಪ್‌ಗಳನ್ನು ತಡೆಯುವ ಆಯ್ಕೆ ಚಾಲೂ ಇಡಬೇಕು. ಈಗಾಗಲೇ ಸೇರಿಕೊಂಡಿದ್ದರೆ ಆ್ಯಪ್‌ಗಳ ಪಟ್ಟಿಯಿಂದ ಅನ್‌ಇನ್‌ಸ್ಟಾಲ್ ಮಾಡಿ, ಬ್ರೌಸರ್ ಸೆಟ್ಟಿಂಗ್ಸ್ ರೀಸೆಟ್ ಮಾಡಬೇಕು.