ಎರೆನೆಲ, ಮಣ್ಣಿನ ಗೋಡೆ ಮತ್ತು ಮರಳುನೊಣ

ನರಗುಂದವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು 1858ರಲ್ಲಿ ಆಂಗ್ಲರ ವಿರುದ್ಧ ಎದ್ದ ಬಾಬಾಸಾಹೇಬನ ಗುಡ್ಡದ ಕೋಟೆ. ಗಜೇಂದ್ರಗಡವೆಂದರೆ 1787ರಲ್ಲಿ ಮರಾಠರಿಗೂ ಟಿಪ್ಪುಸುಲ್ತಾನನಿಗೂ ಆದ ಒಪ್ಪಂದ. ರೋಣದ ಸೀಮೆಯೆಂದರೆ ಸೂಡಿಯ ಗುಡಿಗಳು, ಅಲ್ಲಿನ ನಾಗಕುಂಡ, ಕಲ್ಯಾಣದ ಚಾಲುಕ್ಯರ ಕಾಲದ ಅಕ್ಕಾದೇವಿಯ ಶಾಸನಗಳು. ಇವೆಲ್ಲ ಚರಿತ್ರೆಯೇ ಹೌದು. ಆದರೆ ಅರಸರೂ ಸೇನೆಗಳೂ ಬಂದುಹೋದ ಇದೇ ನೆಲದಲ್ಲಿ ಇನ್ನೊಂದು ಚರಿತ್ರೆಯೂ ನಡೆದುಬಂದಿದೆ. ಅದನ್ನು ಯಾರೂ ಕಲ್ಲಿನಲ್ಲಿ ಕೊರೆಯಿಸಲಿಲ್ಲ. ಶಾಸನಗಳಲ್ಲಿ ಕೆರೆಗೆ ಬಿಟ್ಟ ಭೂಮಿಯ ಲೆಕ್ಕವುಂಟು, ಗುಡಿಯ ದೀಪಕ್ಕೆ ಬಿಟ್ಟ ಎಣ್ಣೆಯ ಲೆಕ್ಕವುಂಟು. ಆ ಕೆರೆಯ ದಂಡೆಯಲ್ಲಿ ಎಷ್ಟು ಮಕ್ಕಳು ಚಳಿಜ್ವರದಿಂದ ತೀರಿಕೊಂಡರೆಂಬ ಲೆಕ್ಕವಿಲ್ಲ. ಮನುಷ್ಯನು ನೆಲವನ್ನು ಬದಲಿಸಿದಾಗಲೆಲ್ಲ ಆ ನೆಲವನ್ನು ಅವನೊಡನೆ ಹಂಚಿಕೊಂಡ ಸಣ್ಣ ಜೀವಿಗಳ ಬಾಳೂ ಬದಲಾಗುತ್ತದೆ. ಅವುಗಳ ಬಾಳು ಬದಲಾದರೆ ನಮ್ಮ ರೋಗಗಳೂ ಬದಲಾಗುತ್ತವೆ. ಈ ಮಾತನ್ನು ಒಂದು ಅತ್ಯಲ್ಪ ಜೀವಿಯ ನೆಪದಿಂದ ವಿಚಾರಿಸುವುದು ನನ್ನ ಉದ್ದೇಶ.

ಆ ಜೀವಿಯ ಹೆಸರು ಮರಳುನೊಣ. ಹೆಸರು ಕೇಳಿ ಇದು ಮರಳಿನಲ್ಲಿಯೇ ಹುಟ್ಟುವುದೆಂದು ತಿಳಿಯಬೇಕಾಗಿಲ್ಲ. ಅದರ ಮೈಬಣ್ಣ ಮರಳಿನಂತೆ ಮಾಸಲು. ಗಾತ್ರ ಎರಡು-ಮೂರು ಮಿಲಿಮೀಟರ್. ಮೈತುಂಬ ರೋಮ, ಕುಳಿತಾಗ ರೆಕ್ಕೆಗಳನ್ನು ಮಡಿಚದೆ ಮೇಲಕ್ಕೆತ್ತಿ ಹಿಡಿದಿರುತ್ತದೆ. ಸೊಳ್ಳೆಯ ಹಾಗೆ ಗುಂಯ್‌ಗುಟ್ಟುವುದಿಲ್ಲ. ದೂರ ಹಾರಲಾರದು, ಗೋಡೆಯ ಮೇಲೆ ಕುಪ್ಪಳಿಸುತ್ತ ಸಾಗುತ್ತದೆ. ಸಾಮಾನ್ಯ ಸೊಳ್ಳೆಪರದೆಯ ಕಣ್ಣಿನೊಳಗಿಂದ ನುಸುಳಿ ಬರಬಲ್ಲದು. ನಮ್ಮ ಜನ ಗುಂಗಾಡು, ನೊರಜು, ನುಸಿ ಎಂದು ಒಟ್ಟಾಗಿ ಕರೆದು ಕೈಬೀಸಿ ಓಡಿಸುವ ಗುಂಪಿನಲ್ಲಿ ಇದೂ ಒಂದಾಗಿ ಸೇರಿಹೋಗಿದೆ. ಸೊಳ್ಳೆಗೂ ಇದಕ್ಕೂ ಇರುವ ಮುಖ್ಯ ಭೇದವೆಂದರೆ ಇದಕ್ಕೆ ನಿಂತ ನೀರು ಬೇಡ. ಕತ್ತಲೆ, ತುಸು ತೇವ, ಕೊಳೆತ ಎಲೆ ಅಥವಾ ಸೆಗಣಿ ಬೆರೆತ ಮಣ್ಣು, ಇಷ್ಟಿದ್ದರೆ ಸಾಕು. ಅಲ್ಲಿ ಮೊಟ್ಟೆಯಿಟ್ಟು ಮರಿಮಾಡುತ್ತದೆ. ಹಗಲೆಲ್ಲ ಗೋಡೆಯ ಬಿರುಕಿನಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಹೆಣ್ಣುನೊಣ ರಕ್ತಕ್ಕಾಗಿ ಹೊರಡುತ್ತದೆ.

ಈಗ ನಮ್ಮ ಸೀಮೆಯ ಹಳೆಯ ಮನೆಯನ್ನು ನೆನೆಸಿಕೊಳ್ಳೋಣ. ರೋಣ-ನರಗುಂದಗಳದು ಎರೆನೆಲ. ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಬೇಸಗೆಯಲ್ಲಿ ಈ ನೆಲ ಆಳಕ್ಕೆ ಬಾಯಿಬಿಡುತ್ತದೆ; ಮಳೆ ಬಿದ್ದೊಡನೆ ಉಬ್ಬಿ ಬಿರುಕುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಇಂಥ ನೆಲದ ಮೇಲೆ ಜನ ದಪ್ಪ ಗೋಡೆಯ, ತೊಲೆ-ಜಂತಿಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ ಮನೆಗಳನ್ನು ಕಟ್ಟಿಕೊಂಡರು. ಬಾಗಿಲು ದಾಟಿದೊಡನೆ ದನಗಳ ಅಂಕಣ, ಗೋದಲಿ. ಒಂದೆರಡು ಮೆಟ್ಟಿಲೇರಿದರೆ ಪಡಸಾಲೆ. ಅದರ ಹಿಂದೆ ಅಡಿಗೆಮನೆ. ಬೆಳಕು ಬರಲು ಮಾಳಿಗೆಯಲ್ಲೊಂದು ಬೆಳಕಿಂಡಿ. ಜೋಳ ತುಂಬಲು ನೆಲದೊಳಗೆ ಹಗೇವು. ಬಿಸಿಲಿಗೂ ಕಳ್ಳರಿಗೂ ಬರಗಾಲಕ್ಕೂ ಉತ್ತರವಾಗಿ ಹುಟ್ಟಿದ ವಿವೇಕದ ಮನೆ ಇದು. ಬೇಸಗೆಯಲ್ಲಿಯೂ ತಂಪು, ಒಕ್ಕಲಿಗನ ಕಣ್ಣಳತೆಯಲ್ಲಿಯೇ ಎತ್ತುಗಳು. ಆದರೆ ಈ ತಂಪು, ಈ ಕತ್ತಲೆ, ಸೆಗಣಿ-ಗಂಜಲಗಳ ಈ ತೇವ, ಗೋಡೆಯ ಈ ಬಿರುಕು ಇವೆಲ್ಲ ಮರಳುನೊಣಕ್ಕೂ ಒಪ್ಪುವಂಥವೇ. ನಾವು ನಮಗಾಗಿ ಕಟ್ಟಿದ ಮನೆ ಅದಕ್ಕೂ ಮನೆಯಾಯಿತು.

ಈ ಸಹವಾಸದ ಬೆಲೆ ಎಂಥದೆಂಬುದು ಗೊತ್ತಾದದ್ದು ಬೇರೆಡೆಯಲ್ಲಿ. ಬಂಗಾಳ, ಅಸ್ಸಾಂ, ಬಿಹಾರಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಊರೂರನ್ನೇ ಬರಿದುಮಾಡಿದ ಜ್ವರವೊಂದಿತ್ತು. ಮೈ ಕಪ್ಪಿಡುತ್ತಿದ್ದುದರಿಂದ ಅದನ್ನು ಕಾಲಾ ಆಜಾರ್ ಎಂದರು. ತಿಂಗಳುಗಟ್ಟಲೆ ಜ್ವರ, ರಕ್ತಹೀನತೆ, ಹೊಟ್ಟೆಯೊಳಗೆ ಊದಿಕೊಂಡ ಗುಲ್ಮ. ನಮ್ಮವರು ‘ಜ್ವರಗಡ್ಡೆ’ ಎಂದು ಕರೆಯುವ ಈ ಲಕ್ಷಣ ಮಲೇರಿಯಾದಲ್ಲಿಯೂ ಇರುವುದರಿಂದ ಎರಡನ್ನೂ ಒಂದೇ ಎಂದು ಬಹುಕಾಲ ನಂಬಿದ್ದರು. 1903ರಲ್ಲಿ ಲೀಷ್ಮನ್ ಎಂಬಾತ ಇದರ ರೋಗಾಣುವನ್ನು ಕುರಿತು ಬರೆದ. ಅದೇ ವರ್ಷ ಮದರಾಸಿನಲ್ಲಿದ್ದ ಡೊನೊವನ್ ತಾನೂ ಸ್ವತಂತ್ರವಾಗಿ ಅದನ್ನು ಕಂಡ. ಇಬ್ಬರ ಹೆಸರೂ ಸೇರಿ ಆ ರೋಗಾಣುವಿನ ಹೆಸರಾಯಿತು. ಅದನ್ನು ಒಬ್ಬರಿಂದ ಒಬ್ಬರಿಗೆ ಒಯ್ಯುವುದು ಮರಳುನೊಣವೇ ಎಂಬುದು ಮನುಷ್ಯರ ಮೇಲಿನ ಪ್ರಯೋಗದಿಂದ ಸಿದ್ಧವಾಗಲು 1942ರವರೆಗೆ ಕಾಯಬೇಕಾಯಿತು. ಒಂದು ಪುಟ್ಟ ನೊಣದ ಅಪರಾಧವನ್ನು ಸಾಬೀತುಪಡಿಸಲು ವಿಜ್ಞಾನಕ್ಕೆ ಸುಮಾರು ನಾಲ್ಕು ದಶಕ ಹಿಡಿಯಿತು.

ನಮ್ಮ ಧಾರವಾಡ ಸೀಮೆಯ ಕಥೆಯಲ್ಲಿ ಮುಂದೆ ನಿಂತದ್ದು ಮರಳುನೊಣವಲ್ಲ, ಸೊಳ್ಳೆ. ಹಿಂದಿನ ಧಾರವಾಡ ಜಿಲ್ಲೆಯ ಪಡುವಣ ಭಾಗ ಮಲೆನಾಡಿನ ಸೆರಗು. ಅಲ್ಲಿ ಕೆರೆ, ಗದ್ದೆ, ಕಾಡು, ಅವುಗಳ ಜೊತೆಗೆ ಚಳಿಜ್ವರ. ಮೂಡಣದ ರೋಣ, ನರಗುಂದಗಳು ಬಯಲುಸೀಮೆ. ಅಲ್ಲಿ ನೀರಿನ ಬಡತನ, ಆದರೆ ಸೊಳ್ಳೆಗೂ ಅದೇ ಬಡತನ. ನೀರಿನ ಸಿರಿಯಿದ್ದವರಿಗೆ ಜ್ವರ, ನೀರಿಲ್ಲದವರಿಗೆ ಬರ: ಪ್ರಕೃತಿಯ ಹಂಚಿಕೆ ಹೀಗಿತ್ತು. ಈ ಜಿಲ್ಲೆಯ ಹೆಸರು ವೈದ್ಯಚರಿತ್ರೆಯಲ್ಲಿ ದಾಖಲಾದದ್ದು 1946ರಲ್ಲಿ. ಆಗಿನ ಮುಂಬಯಿ ಪ್ರಾಂತದ ಆರೋಗ್ಯಾಧಿಕಾರಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಕಾರವಾರ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳ ಮನೆಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಪ್ರಯೋಗ ಮೊದಲಾಯಿತು; ಕೀಟಶಾಸ್ತ್ರಜ್ಞ ಟಿ. ರಾಮಚಂದ್ರರಾಯರು ಅವರ ಜೊತೆಗಿದ್ದರು. ಕೆರೆ-ಕುಂಟೆಗಳಲ್ಲಿ ಮರಿಗಳನ್ನು ಹುಡುಕಿ ಕೊಲ್ಲುವ ಹಳೆಯ ಕ್ರಮಕ್ಕೆ ಹಳ್ಳಿಗಾಡಿನಲ್ಲಿ ಹಣವೂ ಸಾಲದು, ಆಳೂ ಸಾಲರು. ಅದರ ಬದಲು, ರಕ್ತ ಕುಡಿದು ಭಾರವಾದ ಸೊಳ್ಳೆ ವಿಶ್ರಮಿಸಲು ಬರುವ ಗೋಡೆಗೇ ವಿಷ ಬಳಿಯುವುದು ಹೊಸ ಯುಕ್ತಿ. ಅದು ಫಲಿಸಿತು. ದೇಶದಲ್ಲಿ 1953ರಲ್ಲಿ ಮಲೇರಿಯಾ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗುವುದಕ್ಕೆ ಮೊದಲೇ ಅದರ ತಾಲೀಮು ಹೀಗೆ ಕನ್ನಡದ ಹಳ್ಳಿಗಳ ಗೋಡೆಗಳ ಮೇಲೆ ನಡೆದಿತ್ತು.

ಗೋಡೆಗೆ ಬಳಿದ ವಿಷ ಸೊಳ್ಳೆ ಯಾವುದು, ಮರಳುನೊಣ ಯಾವುದು ಎಂದು ಕೇಳುವುದಿಲ್ಲ. ಗೋಡೆಯನ್ನು ಬಿಟ್ಟು ಬಾಳಲಾರದ ಮರಳುನೊಣಕ್ಕಂತೂ ಅದು ಯಮಪಾಶವಾಯಿತು. ಮಲೇರಿಯಾಕ್ಕಾಗಿ ಸಿಂಪಡಿಸಿದ ಔಷಧದಿಂದ ಬಿಹಾರದಲ್ಲಿ ಕಾಲಾ ಆಜಾರ್ ಕೂಡ, ಯಾರೂ ಬಯಸದೆಯೇ, ಕಣ್ಮರೆಯಾಗತೊಡಗಿತು. ಸ್ವಾತಂತ್ರ್ಯದ ಸಮಯದಲ್ಲಿ ದೇಶದಲ್ಲಿ ವರ್ಷಕ್ಕೆ 7.5 ಕೋಟಿ ಎಂದು ಅಂದಾಜಾಗಿದ್ದ ಮಲೇರಿಯಾ ಪ್ರಕರಣಗಳು 1965ರ ವೇಳೆಗೆ ಒಂದು ಲಕ್ಷಕ್ಕೆ ಇಳಿದವು. ಗೆದ್ದೆವೆಂದು ಎಲ್ಲರೂ ಭಾವಿಸಿದರು. ಸಿಂಪಡಣೆ ಸಡಿಲವಾಯಿತು, ಕೀಟಗಳು ವಿಷವನ್ನು ತಾಳಿಕೊಳ್ಳಲು ಕಲಿತವು. 1976ರಲ್ಲಿ ಮಲೇರಿಯಾ ಪ್ರಕರಣಗಳು 64 ಲಕ್ಷವನ್ನು ಮೀರಿದವು. ಅದೇ ದಶಕದಲ್ಲಿ ಬಿಹಾರದಲ್ಲಿ ಕಾಲಾ ಆಜಾರ್ ಕೂಡ ಮರಳಿ ಬಂದಿತು. ಇಲ್ಲಿ ನಮ್ಮ ಹೆಣ್ಣುಮಕ್ಕಳ ಒಂದು ಪದ್ಧತಿಯನ್ನೂ ನೆನೆಯಬೇಕು. ಹಬ್ಬ ಬಂತೆಂದರೆ ಗೋಡೆಗೆ ಮಣ್ಣು ಮೆತ್ತಿ, ಸಾರಣೆ ಮಾಡಿ, ಸುಣ್ಣ-ಕೆಮ್ಮಣ್ಣು ಬಳಿಯುವುದು ಅವರ ಶ್ರದ್ಧೆ. ಹಾಗೆ ಸಾರಿಸಿದ ಗೋಡೆಯ ಬಿರುಕು ಮುಚ್ಚುತ್ತದೆ, ಅದು ಲಾಭ. ಆದರೆ ಸರಕಾರದವರು ಸಿಂಪಡಿಸಿದ ಔಷಧವೂ ಆ ಸಾರಣೆಯಡಿಯಲ್ಲಿ ಮುಚ್ಚಿಹೋಗುತ್ತದೆ, ಅದು ನಷ್ಟ. ಎರಡು ಒಳ್ಳೆಯ ಕೆಲಸಗಳು ಒಂದನ್ನೊಂದು ಅಳಿಸಿಹಾಕಿದ ಬಗೆ ಇದು. ಹಬ್ಬದ ತಿಂಗಳನ್ನು ಕೇಳಿ ತಿಳಿದು ಸಿಂಪಡಿಸಬೇಕಾದರೆ ಔಷಧಶಾಸ್ತ್ರದಷ್ಟೇ ಊರಿನ ಪರಿಚಯವೂ ಬೇಕು.

ಇನ್ನು ಕಾಲುವೆಯ ಮಾತು. ನವಿಲುತೀರ್ಥದ ಬಳಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ 1970ರ ದಶಕದಲ್ಲಿ ನರಗುಂದ, ನವಲಗುಂದ, ರೋಣಗಳ ಎರೆಭೂಮಿಗೆ ಕಾಲುವೆಯ ನೀರು ಬಂತು. ಶತಮಾನಗಳಿಂದ ಮುಗಿಲು ನೋಡುತ್ತಿದ್ದ ಒಕ್ಕಲಿಗನಿಗೆ ಅದು ಗಂಗಾವತರಣವೇ. ಆ ನೀರಿನ ಹೆಸರಿನಲ್ಲಿ ಹೇರಿದ ಅಭಿವೃದ್ಧಿ ಕರವನ್ನು ವಿರೋಧಿಸಿ 1980ರ ಜುಲೈ 21ರಂದು ನರಗುಂದ-ನವಲಗುಂದಗಳಲ್ಲಿ ರೈತರು ಬೀದಿಗಿಳಿದದ್ದೂ ಗೋಲಿಬಾರಿನಲ್ಲಿ ಜೀವ ತೆತ್ತದ್ದೂ ನಾಡು ಮರೆಯದ ಘಟನೆ. ಆ ಸಿಟ್ಟಿನ ಹಿಂದೆ ನೆಲದ ಸಂಕಟವೂ ಇತ್ತು. ನೀರನ್ನು ಹಿಡಿದಿಟ್ಟುಕೊಳ್ಳುವ ಎರೆಭೂಮಿಗೆ ಬಸಿಗಾಲುವೆಯಿಲ್ಲದೆ ನೀರುಣಿಸಿದರೆ ಅದು ಸವಳಾಗುತ್ತದೆ, ಜವಳಾಗುತ್ತದೆ. ರೈತ ಕಂಡದ್ದು ಬೆಳೆಯ ನಷ್ಟ. ಅದೇ ಜವಳು ಸೊಳ್ಳೆಗೆ ತೊಟ್ಟಿಲು. ಊರ ಸುತ್ತ ತೇವ ಹೆಚ್ಚಿ ಗೋಡೆಯ ಬುಡ ಒದ್ದೆಯಾಗಿ ಉಳಿದರೆ ಮರಳುನೊಣಕ್ಕೂ ಅನುಕೂಲವೇ. ಇದು ಹಿಂದೆಯೂ ಕಂಡ ಪಾಠ. ಮಂಡ್ಯದ ಬಯಲಿಗೆ 1930ರ ದಶಕದಲ್ಲಿ ಇರ್ವಿನ್ ನಾಲೆಯ ನೀರು ಹರಿದಾಗ ಗದ್ದೆಗಳ ಜೊತೆಗೆ ಮಲೇರಿಯಾವೂ ಹಬ್ಬಿ, ಮೈಸೂರು ಸಂಸ್ಥಾನ ಅದರ ಹತೋಟಿಗೆ ಬಹಳ ಶ್ರಮಿಸಬೇಕಾಯಿತು. ನೀರು ಬೇಡವೆಂದು ಇದರ ಅರ್ಥವಲ್ಲ. ನೀರು ತರುವ ಕಾಲುವೆಯನ್ನು ಕಟ್ಟಿದ ಕೈ ನೀರು ಹೋಗುವ ಕಾಲುವೆಯನ್ನೂ ಕಟ್ಟಬೇಕಾಗಿತ್ತು.

ನೆಲವನ್ನು ಕಲಕಿದರೆ ಏನಾದೀತೆಂಬುದಕ್ಕೆ ಕನ್ನಡ ನಾಡೇ ಜಗತ್ತಿಗೆ ಒಂದು ನಿದರ್ಶನವನ್ನು ಕೊಟ್ಟಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅವುಗಳ ಬೆನ್ನಿಗೇ ಜನರೂ. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಹುಡುಕಿದಾಗ ಕಾಡಿನ ಉಣುಗುಗಳಲ್ಲಿ ಅಲ್ಲಿಯವರೆಗೆ ಯಾರೂ ಕಾಣದ ವೈರಸ್ ಸಿಕ್ಕಿತು. ಅದು ಕಾಡಿನಲ್ಲಿ ಹಳೆಯದೇ. ಹೊಸದು ಮನುಷ್ಯನ ನಡೆ. ಕಾಡು ಕಡಿದು ಗದ್ದೆ ಮಾಡಿದ್ದು, ಕಾಡಂಚಿಗೆ ದನಗಳನ್ನು ಅಟ್ಟಿದ್ದು, ಆ ದನಗಳ ರಕ್ತದಿಂದ ಉಣುಗುಗಳು ಹೆಚ್ಚಿದ್ದು, ಹೀಗೆ ಕೊಂಡಿಗಳು ಬೆಸೆದವು. ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. ಮಲೆನಾಡಿನ ಉಣುಗಿನ ನ್ಯಾಯವೇ ಬಯಲುಸೀಮೆಯ ನೊಣಕ್ಕೂ ಸಲ್ಲುತ್ತದೆ.

ನೆಲದಂತೆ ಮುಗಿಲೂ ಈ ಕಥೆಯ ಪಾತ್ರಧಾರಿ. 1876ರಿಂದ 1878ರವರೆಗಿನ ಬರದಲ್ಲಿ ಧಾರವಾಡ, ಕಲಾದಗಿ ಸೀಮೆಯ ಜನ ಮೊದಲು ಹಸಿವಿನಿಂದ ಸತ್ತರು. ಮಳೆ ಮರಳಿ ಬಂದಾಗ ಬದುಕುಳಿದ ದುರ್ಬಲರನ್ನು ಜ್ವರ ಕಾಡಿತು. ಬರದ ಬೆನ್ನಿಗೆ ಬಂದ ಮಳೆ ಎಷ್ಟು ಕ್ರೂರವಾಗಬಲ್ಲದೆಂಬುದನ್ನು ನಮ್ಮ ಹಿರಿಯರು ಹೀಗೆ ಕಂಡಿದ್ದರು. ನಮ್ಮ ಕಾಲದಲ್ಲಿ ಬರ ಮತ್ತು ನೆರೆ ಒಂದರ ಹೆಗಲ ಮೇಲೊಂದು ಕೈಯಿಟ್ಟು ಬರುತ್ತಿವೆ. 2009ರ ನೆರೆಯಲ್ಲಿಯೂ 2019ರ ನೆರೆಯಲ್ಲಿಯೂ ಮಲಪ್ರಭೆ, ಬೆಣ್ಣಿಹಳ್ಳಗಳು ಉಕ್ಕಿ ರೋಣ ತಾಲ್ಲೂಕಿನ ಹೊಳೆಆಲೂರು, ನರಗುಂದ ತಾಲ್ಲೂಕಿನ ಕೊಣ್ಣೂರುಗಳಂಥ ಊರುಗಳನ್ನು ಮುಳುಗಿಸಿದವು. ಮಣ್ಣಿನ ಗೋಡೆಗಳು ಕರಗಿ ಕುಸಿದವು. ದಂಡೆಯ ಊರುಗಳವರಿಗಾಗಿ ಎತ್ತರದಲ್ಲಿ ಸಿಮೆಂಟಿನ ಹೊಸ ಮನೆಗಳೆದ್ದವು. ಕೆಳಗೆ ಅರ್ಧ ಬಿದ್ದ ಹಳೆಯ ಗೋಡೆ, ಅದರ ಬುಡದಲ್ಲಿ ಹುಲ್ಲು, ಸೆಗಣಿ, ತೇವ: ಮನುಷ್ಯ ತೊರೆದ ಇಂಥ ಎಡೆ ನೊಣಕ್ಕೆ ಪಾಳಲ್ಲ, ಅರಮನೆ. ದುಡಿಮೆಗಾಗಿ ಗೋವೆ, ಮಂಗಳೂರುಗಳಿಗೆ ಗುಳೆ ಹೋದವರ ಬೀಗ ಹಾಕಿದ ಮನೆಗಳಿಗೂ ಇದೇ ಮಾತು ಸಲ್ಲುತ್ತದೆ. ಶಾಖ ಏರಿದಂತೆ, ತೇವವೂ ಜೊತೆಗಿದ್ದರೆ, ಈ ನೊಣ ಮೊಟ್ಟೆಯಿಂದ ರೆಕ್ಕೆಗೆ ಬರುವ ದಿನಗಳು ಕಡಿಮೆಯಾಗುತ್ತವೆ, ಅದರ ಹಂಗಾಮು ಹಿಗ್ಗುತ್ತದೆ. ಮಿತಿ ಮೀರಿದ ಒಣಬಿಸಿಲು ಅದನ್ನು ಕೊಲ್ಲುವುದೂ ಉಂಟು.

ಇದು ಕೇವಲ ತರ್ಕವಲ್ಲವೆಂಬುದಕ್ಕೆ ಚಾಂದೀಪುರ ವೈರಸ್ ಸಾಕ್ಷಿ. 1965ರಲ್ಲಿ ನಾಗಪುರದ ಬಳಿಯ ಚಾಂದೀಪುರದಲ್ಲಿ ಮೊದಲು ಸಿಕ್ಕಿದ ಈ ವೈರಸ್ಸಿಗೆ ಮರಳುನೊಣವೇ ಮುಖ್ಯ ವಾಹಕವೆಂದು ಗುರುತಿಸಿದ್ದಾರೆ. ಬಹುಕಾಲ ಅದನ್ನು ಯಾರೂ ಗಣ್ಯ ಮಾಡಲಿಲ್ಲ. 2003ರಲ್ಲಿ ನಮ್ಮ ನೆರೆಯ ಆಂಧ್ರಪ್ರದೇಶದಲ್ಲಿ ಮಿದುಳುಜ್ವರಕ್ಕೆ ತುತ್ತಾದ 329 ಮಕ್ಕಳಲ್ಲಿ 183 ಮಂದಿ ತೀರಿಕೊಂಡಾಗ ಅದರ ಹೆಸರು ಹೊರಬಿತ್ತು. 2024ರ ಮಳೆಗಾಲದಲ್ಲಿ ಗುಜರಾತಿನಲ್ಲಿ ಮತ್ತೆ ತಲೆಯೆತ್ತಿತು. ರಾತ್ರಿ ಜ್ವರ ಬಂದ ಕೂಸು ಮರುದಿನವೇ ಇಲ್ಲವಾಗಬಹುದು. ನೇರವಾದ ಔಷಧವಿಲ್ಲ, ಲಸಿಕೆಯಿಲ್ಲ. ಇಂಥ ಎಡೆಯಲ್ಲಿ ಗೋಡೆಯ ಒಂದು ಬಿರುಕನ್ನು ಮುಚ್ಚುವುದೂ ವೈದ್ಯವೇ.

ಮಾಡಬೇಕಾದದ್ದು ದೊಡ್ಡದೇನೂ ಅಲ್ಲ. ದನದ ಕೊಟ್ಟಿಗೆಯನ್ನು ಮಲಗುವ ಮನೆಯಿಂದ ಬೇರ್ಪಡಿಸುವುದು, ತಿಪ್ಪೆಯನ್ನು ಊರಾಚೆ ಒಯ್ಯುವುದು, ಬಿದ್ದ ಗೋಡೆಯ ಮಣ್ಣನ್ನು ತೆಗೆದುಹಾಕುವುದು, ಕಾಲುವೆಗೆ ಬಸಿಗಾಲುವೆಯನ್ನು ಜೋಡಿಸುವುದು, ಮಳೆಗಾಲದಲ್ಲಿ ಮಕ್ಕಳನ್ನು ಸಣ್ಣ ಕಣ್ಣಿನ ಪರದೆಯೊಳಗೆ ಮಲಗಿಸುವುದು, ಜ್ವರದೊಡನೆ ಸೆಳವು ಕಂಡರೆ ಗಳಿಗೆಯೂ ತಡೆಯದೆ ಆಸ್ಪತ್ರೆಗೆ ಒಯ್ಯುವುದು. ಇವುಗಳಲ್ಲಿ ಕೆಲವು ಮನೆಯೊಡತಿಯ ಕೆಲಸ, ಕೆಲವು ಪಂಚಾಯತಿಯವು, ಕೆಲವು ಇಂಜಿನಿಯರನವು. ಅಣೆಕಟ್ಟಿನ ನಕ್ಷೆ ಬರೆಯುವಾಗ, ನೆರೆಯ ಊರನ್ನು ಎತ್ತರಕ್ಕೆ ಸಾಗಿಸುವಾಗ, ಇವರೆಲ್ಲ ಒಂದೆಡೆ ಕುಳಿತು ಮಾತನಾಡಿದರೆ ಮುಂದಿನ ಚರಿತ್ರೆಕಾರನ ಕೆಲಸ ಹಗುರವಾದೀತು. ಕೋಟೆಯ ಗೋಡೆ ಬಿದ್ದ ದಿನವನ್ನು ನಾವು ಇಸವಿಯೊಡನೆ ನೆನಪಿಟ್ಟುಕೊಂಡಿದ್ದೇವೆ. ಒಕ್ಕಲಿಗನ ಮನೆಯ ಗೋಡೆ ಬಿರುಕುಬಿಟ್ಟ ದಿನವನ್ನೂ ಗಮನಿಸುವುದು ಚರಿತ್ರೆಯನ್ನು ಓದಿದವರಿಗೆ ಒಪ್ಪುವ ಮಾತು.