ಬ್ರೆಡ್ಡಿನ ನೆಪ, ಬಿಯರಿನ ಡಬ್ಬಿ

ರಾಗಿಗೆ ಮೊಳಕೆ ಕಟ್ಟುವುದು ನಮಗೆ ಹೊಸದಲ್ಲ. ಮೊಳೆತ ಗೋಧಿ, ಬಾರ್ಲಿಯ ಸಿಹಿಯನ್ನು ಬಿಸಿನೀರಿನಲ್ಲಿ ಇಳಿಸಿ ಜೋನಿಬೆಲ್ಲದಂತೆ ಗಟ್ಟಿ ಮಾಡಿದ್ದೇ ಮಾಲ್ಟ್ ಪಾಕ. ಅದಕ್ಕೆ ನೀರು, ಹಾಪ್ಸ್ ಹೂ ಹಾಕಿ ಕುದಿಸಿ, ಆರಿದ ಮೇಲೆ ಯೀಸ್ಟ್ ಬೆರೆಸಿಟ್ಟರೆ ಗೋಧಿ ಬಿಯರ್.

ಇದಕ್ಕೆ ಅಡ್ಡಿಗಳೂ ಇದ್ದವು. ಜರ್ಮನಿಯ ಬವೇರಿಯಾದಲ್ಲಿ 1516ರ ಕಾನೂನು ಬಿಯರಿಗೆ ಬಾರ್ಲಿ ಮಾತ್ರ ಎಂದಿತು, ಗೋಧಿ ಬ್ರೆಡ್ಡಿಗೆ ಉಳಿಯಲಿ ಎಂದು. 1602ರಲ್ಲಿ ಗೋಧಿ ಬಿಯರಿನ ಹಕ್ಕನ್ನು ದೊರೆಯೇ ಹಿಡಿದುಕೊಂಡ! ಜನರ ಬ್ರೆಡ್ಡು ಆಗ ನೆನಪಾಗಲಿಲ್ಲವೇನೋ.

ಅಮೆರಿಕದಲ್ಲೂ ಬ್ರೆಡ್ಡೇ ನೆಪ. 1920ರಿಂದ 1933ರವರೆಗಿನ ಪಾನನಿಷೇಧದಲ್ಲಿ ಮಾಲ್ಟ್ ಪಾಕದ ಡಬ್ಬಿ ಬ್ರೆಡ್ಡಿಗೆಂದು ಕಿರಾಣಿ ಅಂಗಡಿಯಲ್ಲಿ ಸಿಗುತ್ತಿತ್ತು. ಜನ ಬಿಯರ್ ಮಾಡಿಕೊಂಡರು. ನಿಷೇಧ ಹೋದ ಮೇಲೂ ಮನೆ ವೈನಿಗೆ ಒಪ್ಪಿಗೆ, ಮನೆ ಬಿಯರಿಗಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಬಿದ್ದದ್ದು 1978ರಲ್ಲಿ. ಈಗ ಡಬ್ಬಿಯ ಮೇಲೆ 'ಗೋಧಿ ಬಿಯರ್' ಎಂದೇ ಬರೆದಿರುತ್ತದೆ.